ನೀಲಿ ಹೂವಿನ ಕುಂಡಗಳಿಗೆ ಬೂದಿ

ಪಾಲ್ಮಿಚಾಲ್, ಆಂತಿಯೋಕಿಯಾ
೧೨ ಮೇ ೧೯೯೧, ಭಾನುವಾರ

ಪ್ರೀತಿಯ ಒತೀಲಿಯಾ ಅಕ್ಕಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಕ್ರಿಸ್ಮಸ್ ಕಾರ್ಡಿನಲ್ಲಿ ನೀನು ಬರೆದದ್ದೇ ಒಂದೂವರೆ ಸಾಲು, ಅದರಲ್ಲಿ ಅರ್ಧ ಮೊಣಕಾಲಿಗೆ ಹೋಗಿತ್ತು. ಬರಾಂಕಿಯಾದ ಆ ಸೆಕೆ, ಆ ಉಪ್ಪುಗಾಳಿ, ಮೂರು ಹೊತ್ತೂ ಮೀನು, ಇಷ್ಟಾದ ಮೇಲೆ ಮೊಣಕಾಲು ಇನ್ನೇನಾಗಬೇಕು? ಬೆಟ್ಟದಲ್ಲಿ ಹುಟ್ಟಿದವರು ಸಮುದ್ರದ ದಡದಲ್ಲಿ ಕೂತರೆ ಮೂಳೆಗೂ ತುಕ್ಕು ಹಿಡಿಯುತ್ತದೆ. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಚಿಕ್ಕಂದಿನ ಹಾಗೆ ಲಂಗದ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೀಯೋ? ನನ್ನ ವಿಷಯಕ್ಕೆ ಬಂದರೆ, ರಕ್ತದೊತ್ತಡವಂತೆ. ಉಪ್ಪು ಬಿಡಿ, ಸಿಟ್ಟು ಬಿಡಿ ಎಂದರು ನಮ್ಮೂರ ಡಾಕ್ಟರು. ಮೀಸೆ ಸರಿಯಾಗಿ ಮೂಡಿಲ್ಲ, ನನಗೆ ಸಿಟ್ಟು ಬಿಡಲು ಹೇಳುತ್ತಾರೆ. ಉಪ್ಪನ್ನು ಬಿಟ್ಟಿದ್ದೇನೆ.

ಸತ್ತವರು ಯಾರೂ ಇಲ್ಲ, ಗಾಬರಿಯಾಗಬೇಡ. ಈ ಮನೆಯಲ್ಲಿ ಸಾಯಬೇಕಾದವರೆಲ್ಲ ಆಗಲೇ ಸತ್ತಿದ್ದಾರೆ, ಉಳಿದವಳು ನಾನೊಬ್ಬಳು. ವರ್ಷಕ್ಕೊಂದು ಕಾರ್ಡು ಬಿಟ್ಟು ಬೇರೇನೂ ಬರೆಯದವಳು ಇವತ್ತು ಹಾಳೆಗಟ್ಟಲೆ ಯಾಕೆ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬು ಏರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ವಿಷಯ ಒಂದೇ. ನಲವತ್ತೊಂದು ವರ್ಷದ ಹಿಂದೆ ನಮ್ಮ ಮುಂಜಗುಲಿಯ ನೀಲಿ ಹೈಡ್ರೇಂಜಿಯಾಗಳು ಕೆಂಪಾದವಲ್ಲ, ಅದು ನಿನ್ನದೇ ಕೆಲಸ ಎಂದು ಅಪ್ಪ ನಿನ್ನನ್ನು ಮನೆಯಿಂದ ಹೊರಗೆ ಹಾಕಿದರಲ್ಲ, ಆ ವಿಷಯ. ಅಪ್ಪನಿಗೆ ನಿನ್ನ ಹೆಸರು ಹೇಳಿದ್ದು ಅಮ್ಮ ಎಂದು ನೀನು ಇವತ್ತಿಗೂ ಅವಳ ಮೇಲೆ ಹಲ್ಲು ಕಡಿಯುತ್ತೀಯಲ್ಲ, ಆ ವಿಷಯ. ಕಾಗದ ಹರಿಯಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ.

ಹೋದ ಸೆಪ್ಟೆಂಬರಿನಲ್ಲಿ ಮೆದೆಯಿನ್‌ನಿಂದ ಒಬ್ಬ ಹುಡುಗಿ ಬಂದಳು. ಹೆಸರು ಯಾಮಿಲೆ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಕೃಷಿ ಓದಿದವಳಂತೆ. ಮೊಣಕಾಲುದ್ದದ ರಬ್ಬರ್ ಬೂಟು, ಅದರ ಮೇಲೆ ಒಂದು ಚುಕ್ಕೆ ಕೆಸರಿಲ್ಲ. ಆರು ಗುರುವಾರ ಶಾಲೆಯ ಕೋಣೆಯಲ್ಲಿ ಊರಿನ ಹೆಂಗಸರಿಗೆ ತರಗತಿ. ಮೊದಲ ದಿನವೇ ಎರಡೂ ಕೈ ತಟ್ಟಿ ಶುರುಮಾಡಿದಳು, “ಅಮ್ಮಂದಿರೇ, ಅಡುಗೆಮನೆ ಕಸದಿಂದ ಗೊಬ್ಬರ ಮಾಡೋದು ಹೇಗೆ ಅಂತ ಕಲಿಯೋಣ್ವಾ?” ಕಲಿಯಬೇಕಂತೆ! ನಾವೇನು ಇಷ್ಟು ದಿನ ಅಡುಗೆಮನೆ ಕಸವನ್ನು ಪೋಪರಿಗೆ ಕಳಿಸುತ್ತಿದ್ದೆವೇ? ನಾನು ಹುಟ್ಟುವ ಮೊದಲೇ ಅಮ್ಮ ಕಾಫಿ ಹಣ್ಣಿನ ಸಿಪ್ಪೆಯನ್ನು ಗುಂಡಿಯಲ್ಲಿ ಕೊಳೆಹಾಕುತ್ತಿದ್ದಳು. ಮೊಟ್ಟೆ ಸಿಪ್ಪೆ ಒಲೆಯ ಪಕ್ಕ ಒಣಗಿಸಿ ರುಬ್ಬುಗಲ್ಲಿನಲ್ಲಿ ಪುಡಿ ಮಾಡಿಸುತ್ತಿದ್ದಳು, ನಿನಗೂ ನನಗೂ ಅಂಗೈ ಉರಿಯುತ್ತಿತ್ತು, ನೆನಪಿದೆಯಾ? ಹೇಸರಗತ್ತೆಯ ಲದ್ದಿಯನ್ನು ಗೋಣಿಯಲ್ಲಿ ಕಟ್ಟಿ ಪೀಪಾಯಿಯಲ್ಲಿ ನೆನೆಸಿದ ನೀರು, ಕಾಡಿನ ಓಕ್ ಮರಗಳ ಕೆಳಗಿನ ಕಪ್ಪು ಎಲೆಮಣ್ಣು, ಗುಲಾಬಿಗೆ ಮಾಂಸ ತೊಳೆದ ನೀರು. ಇದೆಲ್ಲ ಆ ಹುಡುಗಿಯ ತಾಯಿ ತೊಟ್ಟಿಲಲ್ಲಿದ್ದಾಗಿನ ವಿದ್ಯೆ.

ಹೋಗಬಾರದೆಂದಿದ್ದೆ. ಆದರೆ ಹೋಗದೆ ಬೈಯುವುದಕ್ಕಿಂತ ಹೋಗಿ ಬೈಯುವುದು ಚೆನ್ನ, ಅದಕ್ಕೆ ಹೋದೆ. ಎಲ್ಲರೂ ಇದ್ದರು. ಪಕ್ಕದ ಮನೆಯ ರೋಸಾಲ್ಬಾ ಮೊದಲ ಬೆಂಚಿನಲ್ಲಿ, ನೋಟ್ ಪುಸ್ತಕ ಹಿಡಿದು, ಹೊಸ ಪೆನ್ನು. ಅದೇ ರೋಸಾಲ್ಬಾ, ನಿನ್ನ ಜೊತೆ ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡವಳು, ಅವತ್ತೇ ಬಿಳಿ ಬಟ್ಟೆಯ ಮೇಲೆ ಚಾಕೊಲೇಟು ಚೆಲ್ಲಿಕೊಂಡವಳು. ಈಗ ಅವಳು ತನ್ನ ಜರೀಗಿಡಕ್ಕೆ ದಿನಾ ಬೆಲ್ಲದ ನೀರು ಹಾಕಿ, ಪಕ್ಕದಲ್ಲಿ ಕೂತು ಹಾಡು ಹೇಳುತ್ತಾಳೆ. ಊರಿನ ಇರುವೆಗಳೆಲ್ಲ ಆ ಕುಂಡದಲ್ಲಿ ಸಂಸಾರ ಹೂಡಿವೆ. “ನೋಡೇ ಎದೆಲ್ಮೀರಾ, ನನ್ನ ಗಿಡಕ್ಕೆ ಎಷ್ಟು ಜನ ನೆಂಟರು!” ಎಂದು ಹೆಮ್ಮೆ ಬೇರೆ. ಆ ಪೆದ್ದಿಗೆ ನಾನು ಏನು ಹೇಳಲಿ? ಯಾಮಿಲೆ ಬಂದು ನೋಡಿ, “ಬೆಲ್ಲದ ನೀರು ಹದಿನೈದು ದಿನಕ್ಕೆ ಒಂದು ಸಲ ಸಾಕಮ್ಮಾ, ಹಾಡು ಮಾತ್ರ ದಿನಾ ಹೇಳಿ” ಎಂದಳು. ರೋಸಾಲ್ಬಾ ಅದನ್ನೂ ಬರೆದುಕೊಂಡಳು.

ಎರಡನೇ ಗುರುವಾರ ಬಾಳೆಹಣ್ಣಿನ ಸಿಪ್ಪೆ. ಮೂರನೇ ಗುರುವಾರ ಎರೆಹುಳ. ನಾಲ್ಕನೆಯದು, ಕ್ಷಮಿಸು, ಉಚ್ಚೆ. “ಒಂದು ಪಾಲಿಗೆ ಹತ್ತು ಪಾಲು ನೀರು, ಮರೀಬೇಡಿ” ಎಂದಳು, ಆ ಹುಡುಗಿಗೆ ನಾಚಿಕೆ ಅನ್ನುವುದೇ ಇಲ್ಲ. ಅರವತ್ತು ದಾಟಿದ ಮುದುಕಿಯರೆಲ್ಲ ಶಾಲೆಮಕ್ಕಳ ಹಾಗೆ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಗಂಡಸರದ್ದಾ, ಹೆಂಗಸರದ್ದಾ?” ಎಂದು ರೋಸಾಲ್ಬಾ ಕೇಳಿದಳು. ನಾನು, “ನಿನ್ನದಂತೂ ಬೇಡ, ಸಕ್ಕರೆ ಜಾಸ್ತಿ, ಮತ್ತೆ ಇರುವೆ ಬರ್ತಾವೆ” ಎಂದೆ. ಯಾಮಿಲೆ ನನ್ನ ಕಡೆ ತಿರುಗಿ, “ಎದೆಲ್ಮೀರಮ್ಮಾ, ನಿಮಗೆ ಇದೆಲ್ಲ ಗೊತ್ತಿರೋ ಹಾಗಿದೆ, ನೀವೇ ಬಂದು ಹೇಳಬಾರದಾ?” ಎಂದಳು. “ಹೇಳಬಹುದು, ಆದರೆ ಬೂಟು ಇಲ್ಲವಲ್ಲ” ಎಂದೆ. ಆ ಮಾತಿಗೂ ಹಲ್ಲು ಕಿರಿದಳು. ಚುಚ್ಚಿದರೂ ನೋಯದ ಇಂಥ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಐದನೇ ಗುರುವಾರ ಬೂದಿ.

ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಬೂದಿಯ ಬಗ್ಗೆ ನನಗೆ ಹೇಳಿಕೊಡುವುದಕ್ಕೆ ಏನಿದೆ ಎಂದುಕೊಂಡು. ಆಗ ಅವಳು ಹೇಳಿದಳು, “ಬೂದಿ ಒಳ್ಳೇದೇ, ಆದರೆ ಎಲ್ಲಾದಕ್ಕೂ ಅಲ್ಲ. ಟೊಮೆಟೊಗೆ ಹಾಕಿ, ಬಾಳೆಗೆ ಹಾಕಿ. ನಿಮ್ಮ ಜಗುಲಿಯ ನೀಲಿ ಹೈಡ್ರೇಂಜಿಯಾಕ್ಕೆ ಮಾತ್ರ ಬೇಡವೇ ಬೇಡ. ನಮ್ಮ ಮಣ್ಣಲ್ಲಿ ಹುಳಿ ಇರೋದಕ್ಕೇ ಅದು ನೀಲಿ. ಬೂದಿ ಹಾಕಿದ್ರೆ ಹುಳಿ ಸತ್ತುಹೋಗುತ್ತೆ, ಹೂವು ಕೆಂಪಗಾಗುತ್ತೆ.” ರೋಸಾಲ್ಬಾ ತೊಡೆ ತಟ್ಟಿಕೊಂಡು, “ಅಯ್ಯೋ, ದೋನ್ ಎವೇಲಿಯೋ ಮನೆ ಜಗುಲಿ ಥರಾನಾ!” ಎಂದು ಕೂಗಿದಳು. ಆಮೇಲೆ ನನ್ನ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಸತ್ತು ಇಪ್ಪತ್ತಮೂರು ವರ್ಷವಾಯಿತು, ಈ ಊರಿನ ನಾಲಿಗೆಯಲ್ಲಿ ಆ ಜಗುಲಿ ಇನ್ನೂ ಸತ್ತಿಲ್ಲ.

ನಾನು ಕೈ ಎತ್ತಿದೆ. ಐದು ವಾರದಲ್ಲಿ ಮೊದಲ ಸಲ. “ಎಷ್ಟು ಬೂದಿ? ಎಷ್ಟು ದಿನ?” ಎಂದು ಕೇಳಿದೆ. “ದಿನಾ ಒಂದೊಂದು ಹಿಡಿ ಬಿದ್ರೆ ನಾಲ್ಕೈದು ತಿಂಗಳಲ್ಲಿ ಬಣ್ಣ ತಿರುಗುತ್ತಮ್ಮಾ. ಯಾಕೆ?” ಎಂದಳು. “ಸುಮ್ಮನೆ” ಎಂದೆ. ಆರನೇ ಗುರುವಾರ ನಾನು ಹೋಗಲಿಲ್ಲ.

ಆ ಹುಡುಗಿ ಸುಳ್ಳಿ ಎಂದು ತೋರಿಸಬೇಕೆಂದು ಹಟ ಹಿಡಿದೆ. ಅಮ್ಮನ ಹಳೇ ಗಿಡದಿಂದಲೇ, ಈಗಲೂ ನೀಲಿ ಹೂವೇ ಬಿಡುವ ಗಿಡದಿಂದ, ಎರಡು ಕುಂಡಗಳಿಗೆ ಬೇರು ಸಮೇತ ಬಿಡಿಸಿ ನೆಟ್ಟೆ. ಒಂದಕ್ಕೆ ಅಮ್ಮ ಮಾಡುತ್ತಿದ್ದ ಹಾಗೆ ಕಾಫಿ ಚರಟ, ತುಕ್ಕುಮೊಳೆ ನೆನೆಸಿದ ನೀರು. ಇನ್ನೊಂದಕ್ಕೆ ದಿನಾ ಬೆಳಗ್ಗೆ ಒಲೆಯ ಬೂದಿ ಒಂದು ಹಿಡಿ. ಇಡೀ ಬೀದಿಯಲ್ಲಿ ಈಗ ಸೌದೆ ಒಲೆ ಇರುವುದು ನನ್ನ ಮನೆಯಲ್ಲೊಂದೇ. ಗ್ಯಾಸಿನ ಮೇಲೆ ಸುಟ್ಟ ಅರೆಪಾ ರೊಟ್ಟಿಯನ್ನು ತಿನ್ನುವುದಕ್ಕಿಂತ ರಟ್ಟು ತಿನ್ನುವುದು ಮೇಲು. ಏಳು ತಿಂಗಳು ಬೂದಿ ಹಾಕಿದೆ. ದಿನಾ ಯಾಮಿಲೆಗೆ ಶಾಪ ಹಾಕಿದೆ. ನೀಲಿ ಬಾ, ನೀಲಿ ಬಾ ಎಂದು ಮೊಗ್ಗನ್ನು ದಿಟ್ಟಿಸಿದೆ. ರೋಸಾಲ್ಬಾ ಬೇಲಿಯ ಮೇಲಿಂದ ನೋಡಿ, “ಹಾಡು ಹೇಳೇ, ಹಾಡು ಹೇಳು” ಎಂದು ಅಣಕಿಸಿದಳು.

ಹೋದ ವಾರ ಅರಳಿತು. ಕಾಫಿ ಚರಟದ ಕುಂಡದಲ್ಲಿ ನೀಲಿ. ಬೂದಿಯ ಕುಂಡದಲ್ಲಿ ಕೆಂಪು. ಕೆಂಪು ಎಂದರೆ ಏನು ಮಹಾ ಕೆಂಪು ಅಕ್ಕಾ! ಲಿಬರಲ್ ಪಕ್ಷದ ಬಾವುಟದ ಕೆಂಪಲ್ಲ, ರಕ್ತದ ಕೆಂಪಲ್ಲ. ತೊಳೆದು ತೊಳೆದು ಬಣ್ಣ ಬಿಟ್ಟ ಒಳಲಂಗದ ಕೆಂಪು. ಪೆಪ್ಪರ್‌ಮಿಂಟಿನ ಕೆಂಪು. ಇಷ್ಟು ನಿಸ್ತೇಜವಾದ ಬಣ್ಣಕ್ಕೆ ಒಬ್ಬ ಮಗಳನ್ನು ಹೊರಗೆ ಹಾಕಿದರಲ್ಲ ಎಂದು ನಾನು ಆ ಕುಂಡದ ಮುಂದೆ ನಿಂತು ಗಟ್ಟಿಯಾಗಿ ಬೈದೆ. ಯಾರನ್ನು ಬೈದೆನೋ ದೇವರಿಗೇ ಗೊತ್ತು.

ಆ ದಿನ ನಿನಗೂ ನೆನಪಿರಬಹುದು, ಆದರೆ ನೀನು ಹೆಚ್ಚು ಹೊತ್ತು ಅಡುಗೆಮನೆಯಲ್ಲಿದ್ದೆ, ಜಗುಲಿಯಲ್ಲಿ ನಡೆದದ್ದು ನಿನಗೆ ಅರ್ಧ ಮಾತ್ರ ಗೊತ್ತು. ೧೯೫೦, ಜೂನ್. ಆ ಕಾಲದ ನಮ್ಮ ಗಂಡಸರ ಬುದ್ಧಿಯೋ ಬುದ್ಧಿ. ಕನ್ಸರ್ವೇಟಿವ್ ಪಕ್ಷದವರಿಗೆ ಬಾಗಿಲು ನೀಲಿ, ಕಿಟಕಿ ನೀಲಿ, ಟೈ ನೀಲಿ. ಲಿಬರಲ್ ಆದವರಿಗೆಲ್ಲ ಕೆಂಪು. ಕೆಂಪು ಟೈ ಕಟ್ಟಿಕೊಂಡವನು ನಮ್ಮ ಬೀದಿಯಲ್ಲಿ ಬಂದರೆ ಹಿಂದಿರುಗಿ ಹೋಗುವ ಖಾತ್ರಿ ಇರಲಿಲ್ಲ, ಕೆಳಗಿನ ಊರಿಗೆ ನೀಲಿ ಟೈಯವನು ಹೋದರೂ ಅದೇ ಗತಿ. ನಮ್ಮ ಅಪ್ಪ ಅದರಲ್ಲೂ ಒಂದು ಕೈ ಮೇಲೆ. ಅಮ್ಮನಿಗೆ ಕೆಂಪು ಜೆರೇನಿಯಂ ನೆಡಲು ಬಿಡಲಿಲ್ಲ. ಟೊಮೆಟೊ ಹಿತ್ತಲಲ್ಲಿ ಮಾತ್ರ. ಮುಂಜಗುಲಿಯ ಕಟಕಟೆಯ ಉದ್ದಕ್ಕೂ ಹನ್ನೆರಡು ಕುಂಡ ನೀಲಿ ಹೈಡ್ರೇಂಜಿಯಾ, ಬೀದಿಗೆ ಕಾಣುವಂತೆ. ಹೂವಿಗೂ ಪಕ್ಷದ ಸದಸ್ಯತ್ವ ಕೊಟ್ಟಿದ್ದ ಮಹಾಪುರುಷ.

ಅವತ್ತು ಮೆದೆಯಿನ್‌ನಿಂದ ಪಕ್ಷದ ದೊಡ್ಡ ಮನುಷ್ಯನೊಬ್ಬ ಊಟಕ್ಕೆ ಬಂದ. ಅವನ ಹೆಸರು ಈಗ ಅವನ ಮೊಮ್ಮಕ್ಕಳಿಗೂ ನೆನಪಿಲ್ಲದಿರಬಹುದು. ಕುದುರೆಯಿಂದ ಇಳಿದವನು ಜಗುಲಿ ನೋಡಿ ನಿಂತ. ಅಡುಗೆಮನೆಯ ಕಡೆಯ ಐದು ಕುಂಡಗಳಲ್ಲಿ ಹೂವು ಕೆಂಪು ತಿರುಗಿತ್ತು. ಮೊಗ್ಗಿನಿಂದಲೇ ತಿರುಗುತ್ತಿತ್ತು, ನಾವು ಹೆಂಗಸರು ನೋಡಿದ್ದೆವು, ಅಪ್ಪನಿಗೆ ಹೇಳುವ ಧೈರ್ಯ ಯಾರಿಗಿತ್ತು? ಆ ಮನುಷ್ಯ ನಕ್ಕು, “ಏನು ದೋನ್ ಎವೇಲಿಯೋ, ನಿಮ್ಮ ಜಗುಲಿ ಪಕ್ಷ ಬಿಟ್ಟುಬಿಡ್ತಾ?” ಎಂದ. ತಮಾಷೆಯ ಮಾತು. ಜೊತೆಗಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಊಟ ಮುಗಿಯುವವರೆಗೂ ಅವರ ಕಿವಿ ಆ ಹೂವಿಗಿಂತ ಕೆಂಪಗಿತ್ತು.

ಅವರೆಲ್ಲ ಹೋದ ಮೇಲೆ ಅಪ್ಪ ಜಗುಲಿಗೆ ಬಂದು, “ಈ ಕುಂಡಗಳಿಗೆ ಕೈ ಹಾಕ್ದೋರು ಯಾರು?” ಎಂದು ಕೇಳಿದರು. ನಿನ್ನ ಹೆಸರು ಬಂತು. ನಿನ್ನನ್ನು ಅಡುಗೆಮನೆಯಿಂದ ಕರೆಸಿದರು. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಕೆಳಗಿನ ಊರಿನ ದರ್ಜಿಯ ಮಗ ನಿಕಾನೋರ್ ಲಿಬರಲ್, ಅವನ ಅಂಗಡಿಯಲ್ಲಿ ನೀನು ಗುಂಡಿ ಕೊಂಡದ್ದನ್ನು ಯಾರೋ ನೋಡಿದ್ದರು. ಅಷ್ಟು ಸಾಕಾಯಿತು. ಕೆಂಪು ಹೂವು ಅವನಿಗೆ ಗುರುತು, ಗಿಡಗಳನ್ನು ಅವನಿಂದಲೇ ತರಿಸಿ ಬದಲಾಯಿಸಿದ್ದೀಯ ಎಂದು ಅಪ್ಪನೇ ಇಡೀ ಕಥೆ ಕಟ್ಟಿದರು. “ನಾನು ಮುಟ್ಟಿಲ್ಲ ಅಪ್ಪಾ” ಎಂದು ನೀನು ಮೂರು ಸಲ ಹೇಳಿದೆ. ಹತ್ತೊಂಬತ್ತು ವರ್ಷದ ಹುಡುಗಿ ಸತ್ಯ ಹೇಳಿದರೆ ಕೇಳುವ ಕಿವಿ ಆ ತಲೆಗೆ ಇರಲಿಲ್ಲ. ಮಚ್ಚು ತಂದು ಕೆಂಪು ಹೂವುಗಳನ್ನೆಲ್ಲ ಕಡಿದರು. ಮಾರನೇ ಬೆಳಗ್ಗೆ ನಿನ್ನನ್ನು ಹೇಸರಗತ್ತೆ ಹತ್ತಿಸಿ ಬಸ್ಸಿಗೆ, ಬಸ್ಸಿನಿಂದ ಮೆದೆಯಿನ್‌ನ ಒಂದು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ, ಬಟ್ಟೆ ಒಗೆಯಲು. ಮತ್ತೆ ಈ ಹೊಸ್ತಿಲು ತುಳಿಯಕೂಡದೆಂದು ಆಣೆ ಮಾಡಿಸಿದರು. ಅಲ್ಲಿಂದ ನೀನು ಬರಾಂಕಿಯಾಕ್ಕೆ ಹೋದದ್ದು, ಹೊಲಿಗೆ ಯಂತ್ರ ಕೊಂಡದ್ದು, ಮದುವೆಯಾದದ್ದು, ಎಲ್ಲ ನನಗೆ ಕಾರ್ಡುಗಳಿಂದ ಮಾತ್ರ ಗೊತ್ತು.

ಇನ್ನೊಂದು ಹೇಳುತ್ತೇನೆ, ನಗಬೇಡ. ನಿಕಾನೋರ್ ಈಗ ಹೊಟ್ಟೆ ಬಿಟ್ಟುಕೊಂಡು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ನಮ್ಮ ಬೀದಿಯಲ್ಲೇ. ಹೋದ ಚುನಾವಣೆಯಲ್ಲಿ ನೀಲಿಗೇ ಓಟು ಹಾಕಿದನಂತೆ, ಅಂಗಡಿಯ ಮುಂದೆ ನೀಲಿ ಚೀಟಿ ಹಂಚುತ್ತಿದ್ದ. ಮೊಳೆ ಕೊಳ್ಳಲು ಹೋದಾಗ ನಿನ್ನ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಒತೀಲಿಯಾ? ಆ ದಪ್ಪ ಜಡೆಯವಳಾ?” ಎಂದ. ದಪ್ಪ ಜಡೆ ನನ್ನದು ಅಕ್ಕಾ. ಇಂಥ ಮರೆಗುಳಿಗೆ ಗುರುತು ತೋರಿಸಲು ನೀನು ಹೂವು ಬದಲಾಯಿಸಿದೆ ಎಂದು ಈ ಊರು ನಲವತ್ತೊಂದು ವರ್ಷ ನಂಬಿತು. ಥೂ.

ಎಲ್ಲಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ನೀನು ಹೋದ ಮೇಲೆ ಮುಂದಿನ ವರ್ಷದ ಹೊತ್ತಿಗೆ ಆ ಐದು ಗಿಡಗಳೂ ಮತ್ತೆ ನೀಲಿಯಾದವು. ಅಪ್ಪ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು, “ನೋಡಿದಿರಾ? ಅವಳು ಹೋದಳು, ಹೂವು ಸರಿಹೋಯಿತು.” ಪಾದ್ರಿಯೂ ಬಂದು ನೋಡಿ ತಲೆಯಾಡಿಸಿದರು. ಯಾಕೆ ಸರಿಹೋಯಿತೆಂದು ನನಗೆ ಈಗ ಗೊತ್ತು. ಕುಂಡಕ್ಕೆ ಬೂದಿ ಬೀಳುವುದು ನಿಂತಿತ್ತು, ಮಳೆ ಮಣ್ಣನ್ನು ತೊಳೆದಿತ್ತು, ಅಷ್ಟೇ. ಅಷ್ಟು ದೊಡ್ಡ ಮೀಸೆ, ಅಷ್ಟು ದೊಡ್ಡ ಪಕ್ಷ, ಅಷ್ಟು ದೊಡ್ಡ ಪ್ರಾರ್ಥನೆ, ಎಲ್ಲ ಸೇರಿ ಒಂದು ಹಿಡಿ ಬೂದಿಯನ್ನು ಕಂಡುಹಿಡಿಯಲಾಗಲಿಲ್ಲ. ಬೂಟು ಹಾಕಿಕೊಂಡ ಹುಡುಗಿಯೊಬ್ಬಳು ಒಂದೇ ಮಾತಿನಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋದಳು.

ಒಲೆಯ ಬೂದಿ ಜಗುಲಿಗೆ ಹೇಗೆ ಬಂತು ಎಂದು ನೀನು ಕೇಳಬಹುದು. ಹಳೇ ಮನೆ, ಸೌದೆ ಒಲೆ, ಬೂದಿ ಎಲ್ಲೆಲ್ಲೋ ಬೀಳುತ್ತದೆ, ಗಾಳಿಗೂ ಹಾರುತ್ತದೆ. ನೀನು ಮಾಡಿಲ್ಲ ಎನ್ನುವುದಂತೂ ಸಾಬೀತಾಯಿತು. ರೋಸಾಲ್ಬಾಳನ್ನು ಕರೆದು ಎರಡೂ ಕುಂಡ ತೋರಿಸಿ ಹೇಳಿದ್ದೇನೆ. ಅವಳಿಗೆ ಹೇಳಿದರೆ ಸಂಜೆಯೊಳಗೆ ಊರಿಗೆ ಹೇಳಿದ ಹಾಗೆ, ಆ ಬಾಯಿಯಿಂದ ಜೀವಮಾನದಲ್ಲಿ ಒಂದು ಸಲವಾದರೂ ಉಪಯೋಗವಾಗಲಿ. ಇವತ್ತು ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಜನ ಮುದುಕರು ನನ್ನನ್ನು ನಿಲ್ಲಿಸಿ, “ಹೌದಾ ಎದೆಲ್ಮೀರಾ, ಬರೀ ಬೂದಿಯಾ?” ಎಂದು ಕೇಳಿದರು. ಕೇಳುವಾಗ ಒಬ್ಬರಿಗೂ ನಾಚಿಕೆಯಿಲ್ಲ. ಇವರ ಅಪ್ಪಂದಿರೇ ಅವತ್ತು ನಮ್ಮ ಜಗುಲಿಯ ಮುಂದೆ ಗುಂಪು ಕೂಡಿ ನಿಂತು ನಿನ್ನ ಮೂಟೆ ಹೇಸರಗತ್ತೆಗೆ ಏರುವುದನ್ನು ನೋಡಿದವರು.

ಇವತ್ತು ತಾಯಂದಿರ ದಿನ. ಊರೆಲ್ಲ ಹೂವು ಹಿಡಿದು ಸ್ಮಶಾನಕ್ಕೆ ಹೋಗಿದೆ. ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಬಂದಿದ್ದೆ, ಆದರೆ ಗೇಟಿನ ಒಳಗೆ ಕಾಲಿಡಲಿಲ್ಲ. ರಸ್ತೆಯ ಆಚೆ ಛತ್ರಿ ಹಿಡಿದು ನಿಂತು, ಸಂಜೆಯ ಬಸ್ಸಿಗೆ ಹೊರಟುಹೋದೆ. ನಾನು ನೋಡಿದೆ. ಕರೆಯಲಿಲ್ಲ. ಆ ವರ್ಷದ ಕಾರ್ಡಿನಲ್ಲಿ ನೀನು ಬರೆದಿದ್ದೆ, “ಹೆತ್ತವಳೇ ಹೆಸರು ಹೇಳಿದ ಮೇಲೆ ನಾನು ಯಾವ ಮುಖಕ್ಕೆ ಹೂವು ಹಾಕಲಿ?” ಆ ಕಾರ್ಡನ್ನು ನಾನು ಒಲೆಗೆ ಹಾಕಿದೆ. ಹನ್ನೆರಡು ವರ್ಷವಾಯಿತು, ಆ ಸಾಲು ಮಾತ್ರ ಸುಡಲಿಲ್ಲ.

ಮಾತ್ರೆ ತಪ್ಪದೆ ನುಂಗು. ಮಗಳಿಗೆ, ಅಳಿಯನಿಗೆ ಚಿಕ್ಕಮ್ಮನ ನೆನಪು ಹೇಳು, ಅವರು ನನ್ನನ್ನು ಕಂಡೇ ಇಲ್ಲವಾದರೂ. ಮೊಮ್ಮಗುವಿಗೆ ಒಂದು ಮುತ್ತು. ಬೆಟ್ಟದ ಕನ್ಯೆ ಮರಿಯಮ್ಮ ಸಮುದ್ರದವರೆಗೂ ಕೈ ಚಾಚಿ ನಿನ್ನ ಮೊಣಕಾಲು ಸವರಲಿ.

ನಿನ್ನ ತಂಗಿ,
ಎದೆಲ್ಮೀರಾ ಆರೊಯಾವೆ

ತಾ.ಕ. ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಅಂಚೆಯ ಬಸ್ಸು ಹೊರಡುವುದರಲ್ಲಿದೆ, ಬೇಗ ಬರೆಯುತ್ತೇನೆ. ಗಾಳಿಗೆ ಬೂದಿ ಹಾರಿತು ಎಂದೆನಲ್ಲ, ಸುಳ್ಳು. ದಿನಾ ಬೆಳಗ್ಗೆ ಬೂದಿಯ ಬಕೆಟ್ಟನ್ನು ಕೆಳಗಿನ ಬಾಳೆತೋಟಕ್ಕೆ ಹೊತ್ತುಕೊಂಡು ಹೋಗಿ ಸುರಿಯುವುದು ನನ್ನ ಕೆಲಸವಾಗಿತ್ತು. ಇಳಿಜಾರು, ಇಬ್ಬನಿ, ಶೂ ಒದ್ದೆಯಾಗುತ್ತಿತ್ತು. ಸೋಮಾರಿತನಕ್ಕೆ ಅಡುಗೆಮನೆ ಬಾಗಿಲ ಪಕ್ಕದ ಆ ಐದು ಕುಂಡಗಳಿಗೆ ಸುರಿದು, ಮೇಲೆ ಎಲೆ ಮುಚ್ಚಿ ಬರುತ್ತಿದ್ದೆ. ಐದು ತಿಂಗಳು. ಹೂವು ಕೆಂಪಾಗುವುದು ಅದರಿಂದ ಎಂದು ನನಗೆ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಅಪ್ಪ ಕುಂಡಕ್ಕೆ ಕೈ ಹಾಕಿದವರು ಯಾರು ಎಂದಾಗ ಬೂದಿಯ ಸೋಮಾರಿತನ ಹೊರಗೆ ಬರುತ್ತದೆ, ಏಟು ಬೀಳುತ್ತದೆ ಎಂದು ಹೆದರಿದೆ. “ಒತೀಲಿಯಾ” ಎಂದೆ. ಅಮ್ಮ ಅಲ್ಲ. ನಾನು. ಎರಡು ಏಟಿನ ಭಯಕ್ಕೆ. ಆಮೇಲೆ, ಹೂವು ಕೆಂಪಾಗಿದೆ ಎಂದ ಮೇಲೆ ನೀನು ಏನೋ ಮಾಡಿಯೇ ಇರಬೇಕು ಎಂದು ನಂಬಿಕೊಂಡು, ನಿನಗೂ ಸೇರಬೇಕಾದ ಈ ಮನೆಯಲ್ಲಿ ಒಬ್ಬಳೇ ಆರಾಮಾಗಿ ಇದ್ದೆ. ಊರನ್ನೆಲ್ಲ ಬೈದೆನಲ್ಲ, ಅವರಲ್ಲಿ ಒಬ್ಬರೂ ನನ್ನಷ್ಟು ಹೀನರಲ್ಲ. ನೀನು ಹೋದ ಬೆಳಗ್ಗೆ ಅಮ್ಮ ಎಲೆ ಸರಿಸಿ, ಕುಂಡದ ಮೇಲಿನ ಬೂದಿಯನ್ನು ಚಮಚದಲ್ಲಿ ಕೆರೆದು ತೆಗೆದಳು, ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಉಳಿದ ಒಬ್ಬಳನ್ನೂ ಕಳೆದುಕೊಳ್ಳಲು ಆಗಲಿಲ್ಲ ಅವಳಿಗೆ, ಅದಕ್ಕೆ ಬಾಯಿ ಬಿಡಲಿಲ್ಲ. ನೀನು ಕಾಗದ ಬರೆದು ಅವಳನ್ನು ಬೈದಾಗಲೂ ಬಿಡಲಿಲ್ಲ, ಸಾಯುವವರೆಗೂ ಬಿಡಲಿಲ್ಲ. ಮೊಣಕಾಲು ನೋಯಲಿ, ಏನಾಗಲಿ, ಬಾ ಅಕ್ಕಾ. ಮೊದಲು ಅಮ್ಮನ ಹತ್ತಿರ ಹೋಗು. ಆಮೇಲೆ ಮನೆಗೆ ಬಂದು ಬಾಯಿಗೆ ಬಂದ ಹಾಗೆ ನನ್ನನ್ನು ಬೈ, ನಾನು ಒಂದು ಮಾತೂ ಎದುರಾಡುವುದಿಲ್ಲ.